ಐದನೇ ಅಂತಸ್ತಿನ ಓರೆ

"ಮೇಡಂ, ಐದನೇ ಅಂತಸ್ತಿನ ಮೂಲೆ ಕಂಬ ಇಪ್ಪತ್ತಮೂರು ಮಿಲಿಮೀಟರ್ ವಾಲಿದೆ."

ಬಾಗಿಲಲ್ಲಿ ನಿಂತಿದ್ದ ಅಪರಿಚಿತ ಅಷ್ಟು ಹೇಳಿದ್ದೇ ತಡ, ಅವಳ ಕೈಯಲ್ಲಿದ್ದ ಪೆನ್ನು ಜಾರಿ ಬಿತ್ತು.

ಇಪ್ಪತ್ತಮೂರು! ಅದೇ ಅಂಕಿ ಅವಳ ಕಂಪ್ಯೂಟರಿನ ಪರದೆಯ ಮೇಲಿತ್ತು. ಅದೂ ಅವನು ಬರುವುದಕ್ಕೆ ಅರ್ಧ ಗಂಟೆ ಮೊದಲೇ...

ಅವಳು ಕಟ್ಟಡಗಳ ಬಲಾಬಲ ಲೆಕ್ಕ ಹಾಕುವ ಎಂಜಿನಿಯರ್. ಆಫೀಸಿನವರ ಬಾಯಲ್ಲಿ ‘ಲೆಕ್ಕದಮ್ಮ’. ನಕ್ಷೆಯಲ್ಲಿ ಕಂಬಗಳು ನೆಟ್ಟಗೇ ಇರುತ್ತವೆ. ನಿಲ್ಲಿಸುವಾಗ ಒಂದಿಷ್ಟು ಓರೆ ಆಗಿಯೇ ಆಗುತ್ತದೆ. ಆ ಓರೆ ಎಷ್ಟಿರಬಹುದೆಂದು ಮೊದಲೇ ಅಂದಾಜು ಮಾಡಿ, ಪ್ರತಿ ಅಂತಸ್ತನ್ನೂ ಪಕ್ಕದಿಂದ ತಳ್ಳುವ ಒಂದು ಸಣ್ಣ ಬಲವನ್ನು ಲೆಕ್ಕಕ್ಕೆ ಸೇರಿಸಬೇಕು. ಸಾಫ್ಟ್‌ವೇರಿಗೆ ಓರೆ ಹೇಳಿ ಒಂದು ಬಟನ್ ಒತ್ತಿದರೆ ಸಾಕು, ಆ ಬಲವನ್ನು ತೋರಿಸುವ ಬಾಣ, ಪಕ್ಕದಲ್ಲಿ ಓರೆಯ ಅಂಕಿಯೊಂದಿಗೆ, ಅಂತಸ್ತಿಗೊಂದರಂತೆ ಮೂಡುತ್ತದೆ.

ರಸ್ತೆಯಾಚೆ ಏಳುತ್ತಿದ್ದ ಏಳಂತಸ್ತಿನ ಕಟ್ಟಡದ ಲೆಕ್ಕ ಅವಳದೇ. ಎಲ್ಲ ಅಂತಸ್ತಿಗೂ ಅವಳು ಕೊಟ್ಟಿದ್ದು ಇಪ್ಪತ್ತು ಮಿಲಿಮೀಟರ್. ಏಳರಲ್ಲಿ ಆರು ಮಾತು ಕೇಳಿದವು. ಐದನೆಯದು ಮಾತ್ರ ಇಪ್ಪತ್ತಮೂರು ಎಂದು ಹಟ ಹಿಡಿದಿತ್ತು. ಮೂರು ಸಲ ಅಳಿಸಿ ಬಟನ್ ಒತ್ತಿದರೂ ಅದೇ!

"ಯಾರು ನೀವು?" ಎಂದಳು.

"ಎದುರಿನ ಸೈಟಲ್ಲಿ ಅಳತೆ ನೋಡೋನು. ಕಂಬ ನೆಟ್ಟಗಿದೆಯಾ ಅಂತ ದಾರ ಇಳಿಬಿಟ್ಟು ನೋಡೋ ತೂಕದ ಗುಂಡು ಹಿಡ್ಕೊಂಡೇ ಓಡಾಡ್ತೀನಿ ಅಂತ ಎಲ್ರೂ ಗುಂಡಣ್ಣ ಅಂತಾರೆ."

ಕಡ್ಡಿಯಂಥ ಆಳಿಗೆ ಗುಂಡಣ್ಣನೆಂಬ ಹೆಸರು! ಅಷ್ಟು ಹೆದರಿಕೆಯಲ್ಲೂ ಅವಳಿಗೆ ನಗು ಬಂತು.

"ನೀವು ಬೇಕಾದ್ರೆ ಗುಂಡ ಅನ್ನಿ," ಎಂದ ಅವನು. "ಅಣ್ಣ ಮಾತ್ರ ಬೇಡ."

ಅಬ್ಬಾ, ಮಾತೇ! ಅವಳ ಕೆನ್ನೆ ಬಿಸಿಯಾಯಿತು.

"ಉಕ್ಕಿನ ಕಂಬಗಳು ಮೇಡಂ. ಬೋಲ್ಟ್ ಪೂರ್ತಿ ಆಗೋವರೆಗೂ ತಂತಿ ಹಗ್ಗದಿಂದ ಎಳೆದು ಕಟ್ಟಿರ್ತೀವಿ. ಆ ಮೂಲೆದು ಬಿಗಿದಷ್ಟೂ ಸಡಿಲ ಆಗ್ತಿದೆ. ಎಷ್ಟರವರೆಗೆ ತಡೆಯುತ್ತೆ?"

"ಐವತ್ತು ದಾಟಿದ್ರೆ ಒಂದು ನರಪಿಳ್ಳೆನೂ ಮೇಲಿರಬಾರದು."

ಮರುದಿನ ಪರದೆಯ ಮೇಲೆ ಇಪ್ಪತ್ತೇಳು. ಸ್ವಲ್ಪ ಹೊತ್ತಿಗೆ ಅವನು ಬಂದು, "ಇಪ್ಪತ್ತೇಳು ಮೇಡಂ," ಎಂದ. ಅದರ ಮರುದಿನ ಮೂವತ್ತೊಂದು... ಅವನೂ ಮೂವತ್ತೊಂದೇ ಎಂದ! ಅವಳ ಮೈ ಜುಮ್ಮೆಂದಿತು. ಆದರೂ ಹನ್ನೊಂದು ಗಂಟೆಯಾಗುತ್ತಿದ್ದಂತೆ ಅವಳ ಕಿವಿ ಮೆಟ್ಟಿಲ ಕಡೆಗೇ ಇರುತ್ತಿತ್ತು. ಹುಚ್ಚು ಮನಸ್ಸು, ಹೆದರಿಕೆಯ ಜೊತೆಗೇ ಆಸೆಯನ್ನೂ ಸಾಕಿಕೊಂಡಿತ್ತು.

ಕೊನೆಗೆ ಮೇಲಧಿಕಾರಿಗೆ ಹೇಳಿಕೊಂಡಳು. ಅವರು ನಕ್ಕುಬಿಟ್ಟರು. "ಆ ಫೈಲು ಸೈಟಿನ ಟ್ಯಾಬಲ್ಲೂ ತೆರೆಯುತ್ತಮ್ಮ. ಅವನೇ ಅಂಕಿ ತಿದ್ದಿ, ಆಮೇಲೆ ಬಂದು ಹೇಳ್ತಿದ್ದಾನೆ. ಅಷ್ಟೂ ಗೊತ್ತಾಗ್ಲಿಲ್ವಾ?"

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಉರಿದುಬಿದ್ದವಳಿಗೆ ಅದೆಲ್ಲಿ ನೆನಪಾಗಬೇಕು!

"ಫೈಲಲ್ಲಿ ಸುಳ್ಳು ಅಂಕಿ ಹಾಕಿ ನನ್ನ ಹೆದರಿಸಿ ಮಜಾ ತಗೊಳ್ತಿದ್ದೀರಾ?" ಅವನು ಬಾಗಿಲಲ್ಲಿ ಕಾಣಿಸಿದ ಕೂಡಲೇ ಸಿಡಿದಳು. "ನಿಮ್ಮನ್ನ ಒಳ್ಳೆಯವರು ಅಂದ್ಕೊಂಡಿದ್ದೆ!"

ಅವನು ಎಲ್ಲವನ್ನೂ ಕೇಳಿದ. ಮುಖ ಸಣ್ಣಗಾಯಿತು.

"ಅಳತೆ ತಿದ್ದಿ ಅನ್ನ ತಿನ್ನೋನಲ್ಲ ನಾನು. ಇನ್ನು ಈ ಮೆಟ್ಟಿಲು ಹತ್ತಲ್ಲ."

ಮಾರನೆಯ ದಿನ ಅವಳು ಫೈಲನ್ನು ತನ್ನ ಕಂಪ್ಯೂಟರಿಗೆ ಎಳೆದುಕೊಂಡಳು. ಪಾಸ್‌ವರ್ಡ್ ಬದಲಿಸಿದಳು. ನೆಟ್‌ವರ್ಕಿನ ವೈರನ್ನೂ ಕಿತ್ತಳು. ಈಗ ಹೇಗೆ ತಿದ್ದುತ್ತಾನೋ ನೋಡೇಬಿಡೋಣ!

ಬಟನ್ ಒತ್ತಿದಳು. ಐದನೇ ಅಂತಸ್ತು... ಮೂವತ್ತೆಂಟು.

ಅವಳು ಕೈ ಹಿಂದಕ್ಕೆಳೆದುಕೊಂಡಳು. ಯಾರೂ ಏನನ್ನೂ ಮುಟ್ಟಿರಲಿಲ್ಲ. ಆದರೂ ಅಂಕಿ ಬದಲಾಯಿತು. ನಲವತ್ತೊಂದು... ನಲವತ್ತನಾಲ್ಕು... ಬಾಣ ತನ್ನಷ್ಟಕ್ಕೆ ತಾನೇ, ನಿಧಾನವಾಗಿ, ಪರದೆಯ ಅಂಚಿನ ಕಡೆಗೆ ಉದ್ದವಾಗುತ್ತಿತ್ತು. ಮಟಮಟ ಮಧ್ಯಾಹ್ನ, ಸುತ್ತ ಹತ್ತು ಜನ. ಒಬ್ಬರೂ ಇತ್ತ ತಿರುಗಿ ನೋಡುತ್ತಿಲ್ಲ!

ಅವನಲ್ಲ... ಅಯ್ಯೋ, ಇದು ಅವನಲ್ಲ!

ಫೋನ್ ಮಾಡಿದಳು. ಅವನು ಕಟ್ ಮಾಡಿದ. ಮತ್ತೆ ಮಾಡಿದಳು, ಮತ್ತೆ ಕಟ್. ಪರದೆಯ ಮೇಲೆ ನಲವತ್ತೆಂಟು.

ಚಪ್ಪಲಿ ಕಳಚಿದ್ದೂ ತಿಳಿಯದೆ ರಸ್ತೆ ದಾಟಿ ಓಡಿದಳು. "ಅಕ್ಕಾ, ಹೆಲ್ಮೆಟ್!" ಎಂದು ಕಾವಲಿನವನು ಕೂಗುತ್ತಲೇ ಇದ್ದ. ಐದು ಅಂತಸ್ತು ಹತ್ತುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಮೇಲೆ ಗಾಳಿಯೇ ಇರಲಿಲ್ಲ. ಆದರೂ ಆ ಮೂಲೆ ಕಂಬ ಒಳಗೊಳಗೇ ನರಳುತ್ತಿತ್ತು. ಅವನು ಇಬ್ಬರು ಕೆಲಸಗಾರರೊಂದಿಗೆ ಹಗ್ಗ ಬಿಗಿಯುತ್ತಿದ್ದ.

"ಇಲ್ಲಿಗ್ಯಾಕೆ ಬಂದ್ರಿ? ಇನ್ನೂ ಬೈಯೋದು ಬಾಕಿ ಇತ್ತಾ?"

"ಕೆಳಗೆ ಬನ್ನಿ! ಎಲ್ರೂ ಕೆಳಗೆ ಬನ್ನಿ!"

"ಐವತ್ತು ಆಗಿಲ್ಲ ಮೇಡಂ. ಇನ್ನೊಂದು ಸುತ್ತು ಬಿಗಿದ್ರೆ..."

"ನಲವತ್ತೆಂಟು ಅಂತ ಬರ್ಕೊಂಡಿದ್ದೀರಿ, ಅಲ್ವಾ? ನಾನು ಹೊರಡುವಾಗ ಅದೇ ಇತ್ತು. ಈಗ ಎಷ್ಟಾಗಿದೆಯೋ!"

ಅವನ ಮುಖ ಬಿಳಿಚಿತು. ಅಳತೆಯ ಪುಸ್ತಕ ಅವನ ಜೇಬಿನಲ್ಲಿತ್ತು; ಬರೆದದ್ದನ್ನು ಯಾರಿಗೂ ತೋರಿಸಿರಲಿಲ್ಲ.

"ನಿಮಗೆ ಹೇಗೆ..."

"ಗೊತ್ತಿಲ್ಲ! ನಾನು ಹೇಳಿದ್ರೆ ಯಾರೂ ನಂಬಲ್ಲ. ನಾನೇ ನಿಮ್ಮನ್ನ ನಂಬಲಿಲ್ಲ. ಆದ್ರೂ ನೀವು ನಂಬಿ. ನಿಮಗೇನಾದ್ರೂ ಆದ್ರೆ ನಾನು ಬದುಕೋದು ಹೇಗೆ?"

ಅವನು ಅವಳ ಕಣ್ಣನ್ನೇ ಒಂದು ಕ್ಷಣ ನೋಡಿದ. ಆಮೇಲೆ ತಿರುಗಿ, "ಎಲ್ಲಾ ಬಿಟ್ಟು ಇಳೀರೋ!" ಎಂದು ಕೂಗಿದ. ಕೆಲಸಗಾರರನ್ನು ಮುಂದೆ ಬಿಟ್ಟು, ಅವಳ ಕೈ ಹಿಡಿದು ಓಡಿದ.

ಗೇಟು ದಾಟಿದ್ದರಷ್ಟೇ. ಹಿಂದೆ ಹಗ್ಗ ಚಟ್ಟನೆ ಹರಿದ ಸದ್ದು. ಮೂಲೆ ಕಂಬ, ಅದರ ತೊಲೆ, ಅವನು ನಿಂತಿದ್ದ ಅಟ್ಟಣೆ ಎಲ್ಲವೂ ಖಾಲಿ ಅಂಗಳಕ್ಕೆ ಬಿದ್ದವು. ಧೂಳಿನಲ್ಲಿ ಇಬ್ಬರೂ ಕುಸಿದು ಕುಳಿತರು. ಹಿಡಿದ ಕೈ ಮಾತ್ರ ಯಾರೂ ಬಿಡಲಿಲ್ಲ.

"ತಪ್ಪಾಯ್ತು," ಎಂದು ಅವಳು ಬಿಕ್ಕಿದಳು. "ನಿಮ್ಮನ್ನ ಸುಳ್ಳುಗಾರ ಅಂದುಬಿಟ್ಟೆ."

"ಸ್ವಲ್ಪ ಸುಳ್ಳುಗಾರನೇ ನಾನು," ಎಂದ ಅವನು ಮೆಲ್ಲಗೆ. "ಆ ಅಳತೆನ ಫೋನಲ್ಲೇ ಹೇಳಬಹುದಿತ್ತು. ದಿನಾ ಮೆಟ್ಟಿಲು ಹತ್ತಿ ಬರಬೇಕಾಗಿರಲಿಲ್ಲ."

ಅವಳು ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು.

"ನಾಳೆ ಬರ್ತೀರಾ?"

"ಕಂಬಾನೇ ಬಿತ್ತಲ್ಲ. ಇನ್ನೇನು ಅಳತೆ ಹೇಳಲಿ?"

"ಅಳತೆ ಇಲ್ದಿದ್ರೂ ಬಾ."

ಅವನ ಕಣ್ಣು ತುಂಬಿ ಬಂತು.

"ಬರ್ತೀನಿ ಕಣೇ."