ಬೆಳ್ಳುಳ್ಳಿ ತಾರದ ಅಡುಗೆಮನೆ

ಮದ್ರಾಸಿನ ರಾಯಪುರಂ ಬಂದರಿನ ಪಕ್ಕದ ಉಡುಪಿ ಹೋಟೆಲಿನಲ್ಲಿ ನಾನು ಸಪ್ಲೈಯರ್ ಆಗಿದ್ದೆ. ಅಲ್ಲಿನ ಅಡುಗೆಮನೆಗೆ ಬೆಳ್ಳುಳ್ಳಿ ಬಂದದ್ದೇ ಇಲ್ಲ. ಐವತ್ತೆಂಟನೇ ಇಸವಿಯ ಒಂದು ಬೆಳಿಗ್ಗೆ ಪೂರಿಗೆ ಹಿಟ್ಟು ಕಲಸುತ್ತಿದ್ದ ಲಕ್ಷ್ಮೀಶ ಭಟ್ಟರು ಕೈ ಮೂಸಿಕೊಂಡು ನನ್ನ ಕಡೆ ತಿರುಗಿದರು.

“ಬೆಳ್ಳುಳ್ಳಿ ತಂದದ್ದು ನೀನಾ ಮಾರಾಯ?”

“ನಾನಲ್ಲ ಭಟ್ರೇ.”

ಅವರು ನಂಬಲಿಲ್ಲ. ಕಲಸಿದ್ದನ್ನು ಚೆಲ್ಲಿದರು, ಕೈ ತೊಳೆದರು, ಪಾತ್ರೆ ತೊಳೆದರು, ಅದೇ ಮೂಟೆಯಿಂದ ಹಿಟ್ಟು ತೆಗೆದು ಮತ್ತೆ ಕಲಸಿದರು. ಆಗಲೂ ಬಂದ ವಾಸನೆ ಕೈಗೆ ಅಂಟಿದ್ದೆಂದುಕೊಂಡರು. ನನ್ನ ಮೇಲೆ ಅನುಮಾನಪಟ್ಟರೆಂಬ ಸಿಟ್ಟಿನಲ್ಲಿ ನಾನು ಆ ಪೂರಿ ತಿನ್ನಲಿಲ್ಲ. ಸಂಜೆಯೊಳಗೆ ಭಟ್ಟರೂ ಆರು ಗಿರಾಕಿಗಳೂ ತೀರಿಕೊಂಡರು. ಹಡಗಿನಲ್ಲಿ ಬರುವಾಗ ಆ ಮೂಟೆಯ ಮೇಲೆ ಹುಳ ಕೊಲ್ಲುವ ಮದ್ದು ಸೋರಿತ್ತಂತೆ. ಅದಕ್ಕೆ ಬೆಳ್ಳುಳ್ಳಿಯದೇ ವಾಸನೆಯಂತೆ.

ಮರುವರ್ಷ ಆ ಮದ್ದನ್ನು ನಿಷೇಧಿಸಿದರು. ಧಣಿಗಳು ಪೇಪರಿನಲ್ಲಿ ಅದನ್ನು ಓದಿ ಹೇಳುವಾಗ ನಾವೆಲ್ಲ ಗಲ್ಲಾದ ಹತ್ತಿರ ನಿಂತಿದ್ದೆವು. ಒಳಗೆ ನಲ್ಲಿ ಬಿಟ್ಟ ಸದ್ದಾಯಿತು. ಹೋಗಿ ನೋಡಿದೆ, ಯಾರೂ ಇಲ್ಲ. ಬೀಳುತ್ತಿದ್ದ ನೀರು ಮಾತ್ರ ಯಾರೋ ಅದರಡಿ ಕೈ ಉಜ್ಜುತ್ತಿರುವ ಹಾಗೆ ಒಡೆದು ಚೆದರುತ್ತಿತ್ತು. ಬೆಳ್ಳುಳ್ಳಿ ವಾಸನೆ ಬಂತು.

“ಅದು ಮದ್ದು ಭಟ್ರೇ, ಬೆಳ್ಳುಳ್ಳಿ ಅಲ್ಲ,” ಎಂದೆ. “ಈಗ ಬಂದ್ ಮಾಡಿದ್ದಾರೆ.”

ನೀರು ನಿಂತಿತು.

ಭಟ್ಟರು ಸತ್ತ ಮೇಲೆ ನಾವು ಗೋಧಿಹಿಟ್ಟು ತರಿಸಿಯೇ ಇರಲಿಲ್ಲ. ಕಟ್ಟೆಯ ಮೇಲಿನ ಪಾತ್ರೆಯಲ್ಲಿ ಪೂರಿಗೆ ಹಿಟ್ಟು ಕಲಸಿಟ್ಟಿತ್ತು.