ಫೇಟಾ ಸುತ್ತಿದ ಕೈ

ಆರತಿ ತಟ್ಟೆ ಹಿಡಿದು ಕಾಂಚನ ವೇದಿಕೆಯ ಪಕ್ಕ ನಿಂತಿದ್ದಳು. ದೀಪ ಒಮ್ಮೆ ವಾಲಿ ಮತ್ತೆ ನೆಟ್ಟಗಾಯಿತು.

ಅಲಖನೂರಿನ ಹೈಸ್ಕೂಲ್ ಮೈದಾನ. ವೇದಿಕೆಯ ಹಿಂದೆ ಕಟ್ಟಿದ್ದ ಫ್ಲೆಕ್ಸ್‌ನಲ್ಲಿ ಫುಟ್‌ಬಾಲ್ ಆಟಗಾರ ಮಲ್ಲೇಶನ ಆಳೆತ್ತರದ ಚಿತ್ರ. ಅವನು ಭೋಜ ಎಂಬ ಊರಿನ ಹುಡುಗ. ನಿಪ್ಪಾಣಿಯಲ್ಲಿ ಆಡಿ ಬೆಳೆದು, ದೊಡ್ಡ ಲೀಗ್‌ನ ಕ್ಲಬ್ ಸೇರಿದವನು. ಈಗ ಒಂದು ಸೀಸನ್ ಪೂರ್ತಿ ಆಡದಂತೆ ಲೀಗ್ ಅವನನ್ನು ಹೊರಗಿಟ್ಟಿತ್ತು. ಪುಣೆಯ ಹೋಟೆಲೊಂದರ ಗೇಟಿನಲ್ಲಿ ವಯಸ್ಸಾದ ವಾಚ್‌ಮನ್ ಒಬ್ಬನ ಕೆನ್ನೆಗೆ ಬಾರಿಸಿದ್ದಕ್ಕೆ!

ಆ ವಿಡಿಯೋ ಎಲ್ಲರ ಮೊಬೈಲ್‌ಗಳಲ್ಲೂ ಓಡಾಡಿತ್ತು. ವಾಚ್‌ಮನ್‌ನ ಬೆನ್ನು ಕಾಣುತ್ತಿತ್ತು, ಏಟಿಗೆ ಹಾರಿ ಬಿದ್ದ ಟೋಪಿ ಕಾಣುತ್ತಿತ್ತು. ಮುಖ ಮಾತ್ರ ಕಾಣುತ್ತಿರಲಿಲ್ಲ.

ಆದರೂ ಅವನಿಗೆ ಸನ್ಮಾನ! ಮಲ್ಲೇಶನ ಸೋದರಮಾವ ಮುರಗೆಪ್ಪ ಅಲಖನೂರಿನ ದೊಡ್ಡ ಕುಳ, ಎಕರೆಗಟ್ಟಲೆ ಕಬ್ಬಿನ ಮಾಲಕ. ಅವನೇ ಮೈಕ್ ಹಿಡಿದು ಗುಡುಗಿದ.

“ನಮ್ಮ ಹುಡುಗಗ ಅನ್ಯಾಯ ಆಗೇತ್ರಿ! ಒಂದ ಏಟಿಗೆ ಇಡೀ ಸೀಸನ್ ಬಂದ್ ಮಾಡ್ಯಾರಂದ್ರ ಇದ್ಯಾವ ನ್ಯಾಯ? ಏ ದಾದಾಸಾಹೇಬ, ಎಲ್ಲಿದ್ದೀಯೋ? ಬಾ, ಫೇಟಾ ಸುತ್ತು!”

ಜನರ ನಡುವಿನಿಂದ ದಾದಾಸಾಹೇಬರು ಎದ್ದರು. ಕಾಂಚನಳ ಅಪ್ಪ. ಸುತ್ತಲ ಊರುಗಳಲ್ಲಿ ಅವರಷ್ಟು ಚಂದ ತಲೆಗೆ ಫೇಟಾ ಸುತ್ತುವವರಿರಲಿಲ್ಲ.

ಫೇಟಾ ಸುತ್ತಬೇಕಾದರೆ ಎದುರಿಗೆ ನಿಲ್ಲಬೇಕು, ಮುಖಕ್ಕೆ ಮುಖ ಕೊಡಬೇಕು. ದಾದಾಸಾಹೇಬರು ಕೊಟ್ಟರು. ಅವರ ಬೆರಳು ಮಲ್ಲೇಶನ ಹಣೆ ಮುಟ್ಟಿದವು, ಕಿವಿಯ ಮೇಲಿಂದ ಬಟ್ಟೆ ಎಳೆದು ಬಿಗಿ ಮಾಡಿದವು. ಮಲ್ಲೇಶ ಅವರನ್ನು ನೋಡಿ ಔಪಚಾರಿಕವಾಗಿ ನಕ್ಕ. ಅಷ್ಟೇ. ಗುರುತು ಸಿಗಲಿಲ್ಲ.

‘ಅಪ್ಪಾ... ಹೆಂಗ ಸುತ್ತಾಕತ್ತಿ? ನಿನ್ನ ಟೋಪಿ ಹಾರಿಸಿದ್ದು ಇವನ ಕೈ ಅಲ್ಲೇನ!’

ಹೌದು, ಆ ವಾಚ್‌ಮನ್ ದಾದಾಸಾಹೇಬರೇ. ಮದುವೆಯ ದಿನಗಳಲ್ಲಷ್ಟೇ ಊರಿಗೆ ಬರುತ್ತ ವರ್ಷಗಟ್ಟಲೆ ಪುಣೆಯಲ್ಲಿ ದುಡಿದವರು, ಆ ಏಟಿನ ನಂತರ ಕೆಲಸ ಬಿಟ್ಟು ಊರಿಗೆ ಬಂದಿದ್ದರು. ಎಡಗಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಯಾಕೆಂದು ಊರಲ್ಲಿ ಗೊತ್ತಿದ್ದದ್ದು ಮಗಳೊಬ್ಬಳಿಗೇ.

“ಕಾಂಚನ ಟೀಚರ್ರ, ಬರ್ರಿ! ಆರತಿ ಮಾಡ್ರಿ!” ಮುರಗೆಪ್ಪ ಮೈಕ್‌ನಲ್ಲಿ ಕರೆದ.

ಆ ಶಾಲೆಯ ದೈಹಿಕ ಶಿಕ್ಷಣದ ಟೀಚರ್ ಅವಳು. ಮೆಟ್ಟಿಲು ಹತ್ತಿದಳು. ಮಲ್ಲೇಶ ತಲೆ ಬಾಗಿಸಿ ನಿಂತ. ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟಳು.

“ಈ ಆರತಿ ನನ್ನ ಕೈಲೆ ಆಗೂದಿಲ್ರಿ.”

ಯಾರನ್ನೂ ನೋಡದೆ ಅವಳು ಇಳಿದು ನಡೆದಳು.

ಮನೆಗೆ ಬಂದ ಅಪ್ಪನನ್ನು ಬಾಗಿಲಲ್ಲೇ ತಡೆದು ಕೇಳಿದಳು. “ಯಾಕ ಸುತ್ತಿದಿ ಅಪ್ಪಾ?”

“ನನ್ನ ಕೆಲಸ ಅದು. ಸಿಟ್ಟಿನ್ಯಾಗ ಸೊಟ್ಟ ಸುತ್ತಿದ್ರ ಮರ್ಯಾದಿ ಹೋಗೂದು ನಂದು, ಅವಂದಲ್ಲ.” ಅವರು ಬಲಗಿವಿ ಅವಳತ್ತ ತಿರುಗಿಸಿ ಕೂತರು. “ಯಾರ ಮುಂದೂ ಬಾಯಿ ಬಿಡಬ್ಯಾಡವ್ವಾ. ಈ ವಯಸ್ಸಿನ್ಯಾಗ ಪುಣಾದಾಗ ಹೊಡಸ್ಕೊಂಡ ಬಂದಾನ ಅಂತ ಊರ ಮಂದಿ ಆಡ್ಕೊಳ್ಳೂದು ನನಗ ಬ್ಯಾಡ.”

ಅವಳು ಮಾತು ಕೊಟ್ಟಳು. ಆ ಮಾತು ಎಷ್ಟು ಭಾರವಾಗುತ್ತದೆಂದು ಆಗ ಗೊತ್ತಿರಲಿಲ್ಲ...

ಶಿಕ್ಷೆಯ ಜೊತೆ ಲೀಗ್ ಇನ್ನೊಂದು ಷರತ್ತು ಹಾಕಿತ್ತು. ಸೀಸನ್ ಮುಗಿಯುವವರೆಗೆ ಸರಕಾರಿ ಶಾಲೆಯ ಮಕ್ಕಳಿಗೆ ಮಲ್ಲೇಶ ಆಟ ಕಲಿಸಬೇಕು. ಮುರಗೆಪ್ಪ ಅವನನ್ನು ತನ್ನೂರಿನ ಶಾಲೆಗೇ ಹಾಕಿಸಿದ. ಹೀಗಾಗಿ ಮುಂದಿನ ಸೋಮವಾರ ಮಲ್ಲೇಶ ಕಾಂಚನಳ ಎದುರಿಗೇ ಬಂದು ನಿಂತ.

“ಟೀಚರ್ರ, ಅವತ್ತ ಆರತಿ ಯಾಕ ಮಾಡ್ಲಿಲ್ಲ?”

“ಹುಡುಗ್ಯಾರು ಕಾಯಾಕತ್ತಾರ. ಕಲಸ್ರಿ.”

ಅವನು ಕಲಿಸಿದ. ಬಿಸಿಲಲ್ಲಿ ನಿಂತು, ತಾನೇ ಚೆಂಡು ಆರಿಸಿ ತಂದು ಕಲಿಸಿದ. ಶೂಸ್ ಇಲ್ಲದ ಹುಡುಗಿಯರು ನಾಚಿಕೊಂಡಾಗ ತನ್ನ ಶೂಸ್ ಬಿಚ್ಚಿ ಪಕ್ಕಕ್ಕೆಸೆದ.

“ನಾ ಕಲ್ತದ್ದು ಎಲ್ಲಿ ಗೊತ್ತೇನು? ನಿಪ್ಪಾಣಿ ತಂಬಾಕಿನ ಗೋದಾಮಿನ ಮುಂದ. ಬರಿಗಾಲಿನ್ಯಾಗ. ಸೀನೂದು ಒಂದ ಕಡೆ, ಓಡೂದು ಒಂದ ಕಡೆ!”

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಕಾಂಚನಳ ತುಟಿಯೂ ಅರಳಿತು. ಮರುಕ್ಷಣ ಎದೆ ಚುರ್ ಎಂದಿತು. ‘ಛೀ! ಅಪ್ಪನ ಕಿವಿ ಕೆಡಿಸಿದವನ ಮಾತಿಗೆ ನಗಾಕತ್ತೇನಲ್ಲಾ ನಾ...’

ಒಂದು ದಿನ ಆಟ ಮುಗಿದ ಮೇಲೆ ಸೀಮಾ ಎಂಬ ಗೋಲ್‌ಕೀಪರ್ ಹುಡುಗಿ ನೇರವಾಗಿ ಕೇಳಿಬಿಟ್ಟಳು.

“ಸರ, ಆ ವಾಚ್‌ಮನ್‌ಗ ಯಾಕ ಹೊಡದ್ರಿ?”

ಮಲ್ಲೇಶ ಮುಖ ತಿರುಗಿಸಿದ. “ಅವ... ಅವ ಮೊದಲ ಬೈದಾ.”

ಕಾಂಚನಳ ಮೈಯೆಲ್ಲ ಬೆಂಕಿಯಾಯಿತು. ಹುಡುಗಿಯರನ್ನು ಕಳಿಸಿ ಅವನ ಮುಂದೆ ನಿಂತಳು.

“ಏನಂತ ಬೈದ್ರು?”

ಅವನು ಬಗ್ಗಿ ಚೆಂಡುಗಳನ್ನು ಚೀಲಕ್ಕೆ ತುಂಬತೊಡಗಿದ.

“ಅವರ ಹೆಸರೇನು?”

“ಗೊತ್ತಿಲ್ಲ.”

“ಮುಖ ಹೆಂಗಿತ್ತು? ಮೀಸಿ ಇತ್ತೋ ಇಲ್ಲೋ?”

ಮಲ್ಲೇಶ ಚೀಲ ಕೆಳಗಿಟ್ಟ. “ನಾ ನೋಡ್ಲಿಲ್ರಿ. ಗೆದ್ದ ನಿಶೆ, ಕುಡದ ನಿಶೆ. ಗೇಟ್ ತಗ್ಯಾಕ ತಡಾ ಮಾಡಿದ ಅಂತ ಹೊಡದೆ.”

“ಮುಖಾನೂ ನೋಡದ ಹೊಡದ್ರಿ! ಹೊಡದ ಮ್ಯಾಲಾದ್ರೂ ನೋಡಬೇಕಿತ್ತು.”

ಮರುದಿನ ಅವಳು ಮೈದಾನಕ್ಕೆ ಬಂದಾಗ ಹುಡುಗಿಯರೆಲ್ಲ ಸುತ್ತಲೂ ಕೂತಿದ್ದರು. ನಡುವೆ ನಿಂತು ಮಲ್ಲೇಶ ಹೇಳುತ್ತಿದ್ದ.

“ನಿನ್ನಿ ನಿಮಗ ಸುಳ್ಳ ಹೇಳಿದ್ನಿ. ಅವರು ಬೈದಿರಲಿಲ್ಲ. ‘ಸಾವಕಾಶ ಸಾಹೇಬ್ರ’ ಅಂದ್ರು, ಅಷ್ಟ. ತಪ್ಪ ನಂದು.”

ಬೇವಿನ ಮರದ ಹಿಂದೆ ಕಾಂಚನ ಅಲ್ಲಾಡದೆ ನಿಂತುಬಿಟ್ಟಳು. ಕಣ್ಣು ತುಂಬಿ ಬಂದವು. ಇವನನ್ನು ದ್ವೇಷಿಸುವುದು ಇನ್ನು ಸುಲಭವಲ್ಲ ಎಂದು ಅವಳಿಗೆ ಗೊತ್ತಾದದ್ದು ಆಗಲೇ...

ಆಮೇಲಿನ ವಾರಗಳಲ್ಲಿ ಅವಳು ಅವನಿಗೂ ಒಂದು ಲೋಟ ಚಹಾ ತರಿಸತೊಡಗಿದಳು. ಅವನ ಬೈಕಿನ ಸದ್ದು ಕೇಳಿದರೆ ಎದೆ ಬಡಿದುಕೊಳ್ಳುತ್ತಿತ್ತು. ಮನೆಗೆ ಹೋಗಿ ಅಪ್ಪನ ಮುಖ ನೋಡಿದಾಗ ಅದೇ ಎದೆ ತಪ್ಪು ಮಾಡಿದಂತೆ ಕುಗ್ಗುತ್ತಿತ್ತು.

ಒಂದು ಸಂಜೆ ಮನೆಯ ಮುಂದೆ ಹೊರ ಊರಿನ ಕಾರು ನಿಂತಿತ್ತು.

ಒಳಗೆ ಮುರಗೆಪ್ಪ ಮತ್ತು ಕ್ಲಬ್ಬಿನ ವಕೀಲ. ಹೋಟೆಲಿನವರನ್ನು ಕೇಳಿ ಅವರು ವಾಚ್‌ಮನ್‌ನ ಊರು ಪತ್ತೆ ಹಚ್ಚಿದ್ದರು. ಮುಂದಿನ ವಾರ ಲೀಗ್‌ನ ಶಿಸ್ತು ಸಮಿತಿಯ ಮರುವಿಚಾರಣೆ. ‘ನಾನೇ ಮೊದಲು ಬೈದೆ’ ಎಂದು ವಾಚ್‌ಮನ್ ಮೊಬೈಲ್‌ ಮುಂದೆ ಹೇಳಿದರೆ ಶಿಕ್ಷೆ ಅರ್ಧಕ್ಕಿಳಿಯುತ್ತದೆ.

ಬಾಗಿಲಲ್ಲಿ ಮಲ್ಲೇಶ ಕಂಬದಂತೆ ನಿಂತಿದ್ದ!

ಕಾಂಚನಳಿಗೆ ಭೂಮಿ ಬಿರಿದಂತಾಯಿತು. “ಇದಕ್ಕಾ... ಇದಕ್ಕ ಹುಡುಗ್ಯಾರ ಮುಂದ ಆ ನಾಟಕ ಮಾಡಿದ್ರಿ? ಮಗಳ ಮನಸ್ಸ ಗೆದ್ರ ಅಪ್ಪನ ಬಾಯಿ ತಾನ ತೆರೀತೈತಿ ಅಂತ?”

“ಇಲ್ರಿ ಕಾಂಚನ... ಮಾವ ಈಗಷ್ಟ ಫೋನ್ ಮಾಡಿ ಕರದ. ನನಗ ಗೊತ್ತ...”

“ಮುಚ್ಚರಿ ಬಾಯಿ!”

ಒಳಗಿನಿಂದ ವಕೀಲನ ದನಿ ಬಂತು. “ಮೊಬೈಲ್ ನೋಡಿ ಹೇಳಿ. ಊರಿಗೆ ಗೊತ್ತಾಗದ ಹಾಗೆ ನಾವು ನೋಡಿಕೊಳ್ಳುತ್ತೇವೆ.”

ಆ ಕೊನೆಯ ಮಾತಿಗೆ ದಾದಾಸಾಹೇಬರು ಸೋತಿದ್ದರು. ಒಣಗಿದ ತುಟಿ ತೆರೆದರು. “ನಾನು... ಮೊದಲ ನಾನೇ...”

ಮಲ್ಲೇಶ ಒಳಗೆ ನುಗ್ಗಿ ವಕೀಲನ ಕೈಯ ಮೊಬೈಲ್ ತಗ್ಗಿಸಿದ. ಆಮೇಲೆ ದಾದಾಸಾಹೇಬರು ಕೂತಿದ್ದ ಹೊರಸಿನ ಮುಂದೆ ನೆಲಕ್ಕೆ ಕೂತು, ಮೊದಲ ಸಲ, ಆ ಮುಖವನ್ನು ಸರಿಯಾಗಿ ನೋಡಿದ. ನರೆತ ಮೀಸೆ. ಬಲಕ್ಕೆ ವಾಲಿದ ತಲೆ.

“ನೀವು ಅವತ್ತ ನನಗ ಫೇಟಾ ಸುತ್ತಿದ್ರಿ...”

“ಹೂಂ.”

“ನಿಮಗ ನನ್ನ ಗುರುತ ಇತ್ತು?”

“ಇತ್ತಪಾ. ನಿನಗ ಇರಲಿಲ್ಲ.”

ಮಲ್ಲೇಶನಿಗೆ ಅಳು ತಡೆಯಲಾಗಲಿಲ್ಲ. ಕಾಲು ಹಿಡಿಯಲು ಹೋದಾಗ ದಾದಾಸಾಹೇಬರು ಕಾಲು ಎಳೆದುಕೊಂಡರು.

“ಬ್ಯಾಡ. ನೀ ಅತ್ತ ಗದ್ದಲ ಮಾಡಿದ್ರ ಓಣಿ ಮಂದಿ ಕೂಡತಾರ. ಹೋಗು.”

“ಹುಚ್ಚ ಹಿಡೀತೇನಲೇ ನಿನಗ?” ಮುರಗೆಪ್ಪ ಅಬ್ಬರಿಸಿದ. “ಆಟಾ ಹಾಳಾಕ್ಕೈತಿ!”

“ಹಾಳ ಮಾಡಿದಾಂವ ನಾನೇ, ಮಾಮಾ.”

ಸಮಿತಿಯ ಮುಂದೆ ಮಲ್ಲೇಶ ನಡೆದದ್ದನ್ನು ನಡೆದ ಹಾಗೆ ಹೇಳಿದ. ವಾಚ್‌ಮನ್‌ನ ಹೆಸರನ್ನು ಎಲ್ಲೂ ಹೊರಗೆ ಬಿಡಬಾರದೆಂದು ಕೇಳಿಕೊಂಡ. ಮೊದಲ ವಿಚಾರಣೆಯಲ್ಲಿ ವಾಚ್‌ಮನ್ ಬೈದನೆಂದು ಸುಳ್ಳು ಹೇಳಿದ್ದಕ್ಕೆ ಶಿಕ್ಷೆ ಇನ್ನಷ್ಟು ಬೆಳೆಯಿತು. ಕ್ಲಬ್ ಅವನನ್ನು ಕೈಬಿಟ್ಟಿತು. ಕಾಂಚನ ಮೊಬೈಲ್‌ನಲ್ಲಿ ಸುದ್ದಿ ಓದಿದಳು. ಇನ್ನೊಮ್ಮೆ ಓದಿದಳು. ‘ನಾ ಬಾಯಿ ಮುಚ್ಚ ಅಂದ್ನಿ... ಅಂವ ಬಾಯಿ ಬಿಟ್ಟ.’

ಕೆಲವು ದಿನಗಳ ನಂತರ ಮಲ್ಲೇಶ ಅವರ ಅಂಗಳಕ್ಕೆ ಬಂದ.

“ಕಾಕಾ, ಕ್ಷಮಾ ಕೇಳಾಕ ಬಂದಿಲ್ರಿ. ಅದು ಕೊಡೂದು ಬಿಡೂದು ನಿಮ್ಮ ಮನಸ್ಸು. ಲಗ್ನದ ದಿನ ಬಂದಾವು. ನಿಮ್ಮ ಫೇಟಾದ ಗಂಟ ಹೊರಾಕ ಒಬ್ಬ ಆಳ ಬೇಕಲ್ರಿ?”

ದಾದಾಸಾಹೇಬರು ಮಡಿಕೆ ಮಾಡಲು ಬಟ್ಟೆ ಎತ್ತಿಕೊಂಡರು. ಫೇಟಾದ ಬಟ್ಟೆ ಬಹಳ ಉದ್ದ. ಒಬ್ಬರು ಮಡಿಕೆ ಮಾಡುವಾಗ ಇನ್ನೊಬ್ಬರು ಆಚೆ ತುದಿ ಬಿಗಿಯಾಗಿ ಹಿಡಿಯಬೇಕು. ಇಷ್ಟು ದಿನ ಕಾಂಚನ ಹಿಡಿಯುತ್ತಿದ್ದಳು. ಅವರು ಸುಮ್ಮನೆ ಆ ತುದಿಯನ್ನು ಅವನತ್ತ ಎಸೆದರು.

ಅವನು ಹಿಡಿದ.

ಬೆಳಿಗ್ಗೆ ಶಾಲೆ, ಮದುವೆಯಿದ್ದ ದಿನ ಗಂಟು. ಯಾಕೆಂದು ಜನ ಕೇಳಿದರೆ ‘ಕೆಲಸ ಕಲ್ಯಾಕತ್ತೇನ್ರಿ’ ಎನ್ನುತ್ತಿದ್ದ. ದಾದಾಸಾಹೇಬರು ಮಾತ್ರ ‘ಬಿಗಿ ಹಿಡಿ’, ‘ಸಡ್ಲ ಬಿಡು’ ಎನ್ನುವುದು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಕಾಂಚನಳೂ ಮಾತಾಡಲಿಲ್ಲ. ಆದರೆ ಊಟದ ಬುತ್ತಿಯಲ್ಲಿ ಎರಡು ರೊಟ್ಟಿ ಹೆಚ್ಚು ಇರತೊಡಗಿದವು.

ಉಗಾರ ಬುದ್ರುಕ ಎಂಬ ಊರಿನ ಮದುವೆಯೊಂದರಲ್ಲಿ, ಫೇಟಾಕ್ಕೆ ಸಾಲು ಹಚ್ಚಿದ್ದ ಬೀಗರಲ್ಲೊಬ್ಬ ಮಲ್ಲೇಶನನ್ನು ಗುರುತಿಸಿದ.

“ಅಯ್ಯಯ್ಯ, ಎಂಥಾ ಪ್ಲೇಯರು, ಈಗ ಗಂಟ ಹೊರಾಕತ್ತಾನ! ಆ ವಾಚ್‌ಮನ್ ನನ್ನ ಕೈಯಾಗ ಸಿಕ್ಕಿದ್ರ ನಾನೂ ಒಂದ ಬಿಡತಿದ್ದೆ ನೋಡ್ರಿ! ಕುಡದಿರಬೇಕ ಮಗಾ!”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಮಲ್ಲೇಶ ತಲೆಯೆತ್ತಿದ. “ಅವರ ಸುದ್ದಿಗೆ ಬರಬ್ಯಾಡ್ರಿ. ತಪ್ಪ ಅವರದಲ್ಲ. ಬೈಯೂದಿದ್ರ ನನಗ ಬೈರಿ.”

ದಾದಾಸಾಹೇಬರ ಕೈ ನಿಂತಿತು. ಅವನನ್ನು ನೋಡಿದರು. ಆಮೇಲೆ ಆ ಬೀಗನನ್ನು.

“ಒಂದ ಏಟ ಬಿಡ್ರಿ ನೋಡೂಣು. ಆ ವಾಚ್‌ಮನ್ ನಾನೇ.”

ನಗು ಅಲ್ಲೇ ಸತ್ತಿತು. ಅಪ್ಪನ ಜೊತೆ ಬಂದಿದ್ದ ಕಾಂಚನ ಕೈಯಲ್ಲಿದ್ದ ಬಟ್ಟೆಯನ್ನು ಎದೆಗೊತ್ತಿಕೊಂಡಳು. ಊರು ಆಡಿಕೊಂಡೀತೆಂದು ತಿಂಗಳುಗಟ್ಟಲೆ ಹೆದರಿದ್ದ ಅಪ್ಪ, ನೂರು ಮಂದಿಯ ನಡುವೆ ನೆಟ್ಟಗೆ ನಿಂತಿದ್ದರು! ಯಾರೂ ಆಡಿಕೊಳ್ಳಲಿಲ್ಲ. ಬೀಗ ತಲೆ ತಗ್ಗಿಸಿ ಹಿಂದಕ್ಕೆ ಸರಿದ.

ದಾದಾಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. “ಮಲ್ಲೇಶಾ, ಬಾ. ಇಷ್ಟ ದಿನಾ ತುದಿ ಹಿಡದಿ. ಈಗ ನನ್ನ ತಲಿಗೆ ಸುತ್ತು.”

ಮಲ್ಲೇಶ ಎದುರಿಗೆ ನಿಂತ. ಮುಖಕ್ಕೆ ಮುಖ. ಎಡಗಿವಿಯ ಹತ್ತಿರ ಬಂದಾಗ ಅವನ ಬೆರಳು ತಡೆದವು, ಕಣ್ಣೀರು ಉದುರಿತು. ಸುತ್ತಿ ಮುಗಿಸಿದಾಗ ಫೇಟಾ ಒಂದು ಕಡೆ ವಾಲಿತ್ತು.

“ಸೊಟ್ಟ ಆಗೇತಿ ಕಾಕಾ. ಬಿಚ್ಚಿ ಇನ್ನೊಮ್ಮೆ...”

“ಇರಲಿ ಬಿಡು.”

ಆ ಸೊಟ್ಟ ಫೇಟಾದಲ್ಲೇ ಅವರು ಮದುವೆ ಮುಗಿಯುವತನಕ ಓಡಾಡಿದರು.

ಮಧ್ಯಾಹ್ನ, ಮದುವೆ ಹಂದರದ ಹಿಂದೆ, ಉಳಿದ ಬಟ್ಟೆ ಮಡಚಬೇಕಿತ್ತು. ಒಂದು ತುದಿ ಕಾಂಚನಳ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ. ನಡುವೆ ಕೇಸರಿ ಬಟ್ಟೆ.

“ಅವತ್ತ ನಾಟಕ ಅಂದ್ನಿ,” ಕಾಂಚನ ಮೆಲ್ಲಗೆ ಹೇಳಿದಳು. “ತಪ್ಪಾತು.”

“ನಿಮ್ಮ ಜಾಗಾದಾಗ ನಾ ಇದ್ರೂ ಹಂಗ ಅಂತಿದ್ದೆ.”

ಬಟ್ಟೆ ಅರ್ಧವಾಯಿತು. ಇಬ್ಬರೂ ಹತ್ತಿರ ಬಂದರು. ಅವನು ತಲೆ ತಗ್ಗಿಸಿ, ನೆಲ ನೋಡುತ್ತಲೇ ಹೇಳಿದ. “ನೀವಂದ್ರ ನನಗ... ಬಾಳ ದಿನದಿಂದ...”

“ಹಂಗಲ್ಲ. ನನ್ನ ಮುಖಾ ನೋಡಿ ಹೇಳ್ರಿ.”

ಮಲ್ಲೇಶ ಕಣ್ಣೆತ್ತಿದ. “ನೀವಂದ್ರ ನನಗ ಜೀವ, ಕಾಂಚನ.”

ಅವಳ ಕೆನ್ನೆ ಒದ್ದೆಯಾದವು. “ನಿಮ್ಮ ಮಾವ ಒಪ್ಪತಾನೇನು? ನೀವು ಕಬ್ಬಿನ ಮಾಲಕರು, ನಮ್ಮ ಹಿರ್ಯಾರು ಅದ ಕಬ್ಬ ಕಡದವರು.”

“ಕೇಳತೇನಿ. ಒಪ್ಪದಿದ್ರ ಮತ್ತ ಕೇಳತೇನಿ. ಕಾಯೂದು ಈಗ ರೂಢಿ ಆಗೇತಿ ನನಗ. ನೀವು ಕಾಯ್ತೀರೇನು?”

ಕಾಂಚನ ತನ್ನ ತುದಿಯನ್ನು ಅವನ ಕೈಯಲ್ಲಿಟ್ಟಳು. ಕೈ ಮಾತ್ರ ಹಿಂದಕ್ಕೆ ತೆಗೆಯಲಿಲ್ಲ.

“ಮೊದಲ ನೆಟ್ಟಗ ಫೇಟಾ ಸುತ್ತೂದು ಕಲೀರಿ. ನಮ್ಮ ಲಗ್ನದಾಗ ಅಪ್ಪನ ತಲಿಗೆ ನೀವೇ ಸುತ್ತಬೇಕು.”