ಆದೆಮ್ಮನ ಗುಡ್ಡದ ತಂಗಡಿ

“ಮುಟ್ಟಬ್ಯಾಡ್ರೀ! ಬಣ್ಣ ಇನ್ನಾ ಹಸಿ ಐತಿ!”

ಪಡಸಾಲೆಯಲ್ಲಿ ಕೂತವರ ಉಪ್ಪಿಟ್ಟಿನ ತುತ್ತು ಕೈಯಲ್ಲೇ ಉಳಿಯಿತು. ಕೂಗಿದ್ದು ಬೇರೆ ಯಾರೂ ಅಲ್ಲ... ಚಾಪೆಯ ಮೇಲೆ ತಲೆ ತಗ್ಗಿಸಿ ಕೂರಬೇಕಿದ್ದ ಹುಡುಗಿ, ಆದೆಮ್ಮ!

ಹೆಣ್ಣು ನೋಡಲು ಬಂದಾಗ ಹುಡುಗಿ ಬಾಯಿ ತೆರೆಯಬೇಕಾದದ್ದು ಎರಡೇ ಸಲ. ಹೆಸರು ಹೇಳಲು, ಓದು ಹೇಳಲು. ಆದೆಮ್ಮ ಎರಡನ್ನೂ ಹೇಳಿಯಾಗಿತ್ತು.

ಆದರೆ ಕೂಗುವಷ್ಟರಲ್ಲಿ ತಡವಾಗಿತ್ತು. ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡುವ ವರ ಮಾನಪ್ಪನ ಅಂಗೈ ಗೋಡೆಗೆ ತೂಗಿದ್ದ ಚಿತ್ರಕ್ಕೆ ತಾಗಿಬಿಟ್ಟಿತ್ತು.

ಹದಿನೈದು ದಿನದ ಕೆಲಸ ಅದು! ಮಸ್ಕಿಯ ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತ ಮನೆ ಆದೆಮ್ಮನದು. ಹಿತ್ತಲ ಬಾಗಿಲು ತೆರೆದರೆ ಸಾಕು, ಕಲ್ಲು. ಆ ಕಲ್ಲಿನ ಬಿರುಕಿನಿಂದ ಎದ್ದು ಹಳದಿ ಹೂ ಬಿಡುವ ತಂಗಡಿ ಗಿಡವನ್ನು ಅವಳು ಬರೆದಿದ್ದಳು. ರಾಯಚೂರಿನಲ್ಲಿ ಚಿತ್ರಕಲೆ ಕಲಿಯುವಾಗ ಕೊಂಡ ಎಣ್ಣೆಬಣ್ಣಕ್ಕೆ ಅಗಸೆ ಎಣ್ಣೆ ಬೆರೆಸಿದರೆ ಅದು ಒಣಗಲು ವಾರ ಬೇಕು. ಈಗ ನಡು ಚಿತ್ರದಲ್ಲಿ ಐದು ಬೆರಳು ಮೂಡಿದ್ದವು.

ಹುಡುಗಿಯ ಕೈಕೆಲಸವನ್ನು ಗೋಡೆಗೆ ತೂಗುಹಾಕಿ ತೋರಿಸುವುದು ಆ ಕಾಲದ ರೂಢಿ. ಅದರಲ್ಲಿ ಅರ್ಧ ನೆರೆಮನೆಯ ಎರವಲು ಅನ್ನುವುದೂ ಊರಿಗೆಲ್ಲ ಗೊತ್ತಿದ್ದ ಗುಟ್ಟು. ವರನನ್ನು ಸಾಕಿದ ಸೋದರತ್ತೆ ಕಸ್ತೂರೆಮ್ಮ ಆಗಷ್ಟೇ, “ಇದೂ ಎರವಲದ್ದ ಇರಬೇಕು ಬಿಡು,” ಎಂದು ಮೂಗು ಮುರಿದಿದ್ದಳು. ಅದರ ಬೆನ್ನಿಗೇ ಅವನು ಎದ್ದು ಹೋಗಿ ಮುಟ್ಟಿದ್ದ!

“ಪರೀಕ್ಷಾ ಮುಗೀತೇನ್ರಿ?” ಆದೆಮ್ಮನ ದನಿ ನಡುಗಿತು, ಕಣ್ಣು ಮಾತ್ರ ಕೆಳಗಿಳಿಯಲಿಲ್ಲ. “ನಂದ ಅಂತ ಖಾತ್ರಿ ಆತಿಲ್ಲೋ?”

ಮಾನಪ್ಪ ತನ್ನ ಹಳದಿ ಅಂಗೈ ನೋಡಿಕೊಂಡ. ಅವಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ... ಹೇಳಲಿಲ್ಲ.

“ಯವ್ವಾ, ಏನ್ ಬಾಯಿನವ್ವಾ ಇದು!” ಎಂದು ಕಸ್ತೂರೆಮ್ಮ ಸೆರಗು ಕೊಡವಿ ಎದ್ದಳು.

‘ತಪ್ಪಾಯ್ತು ಅಂತ ಒಂದು ಮಾತು ಆಡಬಾರದಿತ್ತೇ ಈ ಮನುಷ್ಯ?’ ಅವರು ಹೋದ ಮೇಲೂ ಆದೆಮ್ಮನ ಎದೆ ಉರಿಯುತ್ತಲೇ ಇತ್ತು. ‘ಒಳಗೆ ಬಂದವನು ನನ್ನನ್ನೂ ನೋಡದೆ ಚಿತ್ರವನ್ನೇ ನೋಡುತ್ತ ನಿಂತಿದ್ದನಲ್ಲ... ಅದೂ ನಾಟಕವೇ?’

ನಾಲ್ಕನೆಯ ದಿನ, ಸಂಬಂಧ ತಂದಿದ್ದ ಹುಸೇನಪ್ಪ ಬಂದ.

“ಹುಡುಗ ಒಪ್ಯಾನ. ಆದ್ರ ಒಂದ್ ಶರತ್ತು. ಲಗ್ನ ಆದಮ್ಯಾಲ ಈ ಬಣ್ಣ ಗಿಣ್ಣ ಬಂದ್. ಎಣ್ಣಿ ವಾಸನಿ ಅವರ ಮನಿಗೆ ಆಗಿಬರಂಗಿಲ್ಲಂತ.”

“ಹೂಂ ಅನ್ನವ್ವಾ,” ಅಪ್ಪ ದ್ಯಾವಪ್ಪ ಅಂಗಲಾಚಿದ. ಕುರಿ ಕಾಯ್ದು ಮಗಳನ್ನು ಓದಿಸಿದವನು. “ಕಂಪನಿ ನೌಕರಿ, ಕಂಪನಿ ಮನಿ. ಗುಡ್ಡದ ಹೂವಿನ ಸಲುವಾಗಿ ಇಂಥಾ ಸಂಬಂಧ ಬಿಡ್ತಾರೇನು?”

“ಅದನ್ನ ಬಿಟ್ಟು ಬಾ ಅಂದ್ರ, ಎರಡೂ ಕೈ ತವರಮನ್ಯಾಗ ಇಟ್ಟು ಬಾ ಅಂದಂಗ, ಯಪ್ಪಾ! ಹುಸೇನಪ್ಪ ಕಾಕಾ, ಹುಡುಗಿ ಒಲ್ಲೆ ಅಂದಾಳ ಅಂತ ಹೇಳ್ರಿ. ನೆಟ್ಟಗ ಹಂಗ ಹೇಳ್ರಿ!”

ಕಂಪನಿ ಹುಡುಗನನ್ನು ಒಲ್ಲೆ ಅಂದಳಂತೆ! ಬಾವಿಕಟ್ಟೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಅದೇ ಮಾತು. ಆಡುವವರು ಆಡಲಿ ಎಂದು ಆದೆಮ್ಮ ಕ್ಯಾನ್ವಾಸ್ ಎತ್ತಿಕೊಂಡು ಗುಡ್ಡ ಹತ್ತಿದಳು. ಸಿಟ್ಟಿತ್ತು. ಆ ಸಿಟ್ಟಿನೊಳಗೂ ಅವನು ಮತ್ತೆ ಮತ್ತೆ ನೆನಪಾಗುತ್ತಿದ್ದ. ಅದಕ್ಕೆ ಸಿಟ್ಟು ಇನ್ನೂ ಹೆಚ್ಚಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಅವಳು ಎಕ್ಕಿ ಹೂ ಬರೆಯುತ್ತ ಕೂತಿದ್ದಾಗ ಹಿಂದೆ ಏದುಸಿರು ಕೇಳಿಸಿತು. ಮಾನಪ್ಪ! ಗಣಿಯಲ್ಲಿ ಪಾತಾಳಕ್ಕೆ ಇಳಿಯುವ ಗಂಡಿಗೆ ಇಷ್ಟು ಸಣ್ಣ ಗುಡ್ಡ ಹತ್ತಲು ಈ ಪಾಡು!

“ಶರತ್ತು ನಂದಲ್ಲರೀ,” ಎಂದ, ಇನ್ನೂ ದೂರದಲ್ಲೇ ನಿಂತು. “ಅತ್ತಿ ಹೇಳಿ ಕಳಿಸ್ಯಾಳ. ನನಗ ನಿನ್ನೆ ಗೊತ್ತಾತು.”

“ಚಿತ್ರ ಕೆಡಿಸಿದ್ದೂ ಅತ್ತಿನ ಏನು?”

“ಅದು ನಾನ.” ಅವನು ತಲೆ ತಗ್ಗಿಸಿದ. “ಆದ್ರ ಪರೀಕ್ಷಾ ಮಾಡಾಕಲ್ಲ. ಗಣಿಯೊಳಗ ಬಿರುಕು ಕಂಡ್ರ ಮೊದಲ ಅಂಗೈ ಇಟ್ಟು ನೋಡ್ತೀನಿ, ಕಲ್ಲು ಗಟ್ಟಿ ಐತೋ, ಉದುರತೈತೋ ಅಂತ. ಎಂಟ್ ವರ್ಷದ ರೂಢಿ. ನೀವು ಬರದ ಬಿರುಕು ನೋಡಿದೆ... ಕೈ ತಾನ ಹೋತು. ಖರೇ ಕಲ್ಲ ಅನಿಸಿತು.”

ಆದೆಮ್ಮನ ಕುಂಚ ನಿಂತಿತು. ಬಣ್ಣ ಚಂದ ಅಂದವರಿದ್ದರು. ರಾಯಚೂರಿನ ಮೇಷ್ಟ್ರು ಭೇಷ್ ಅಂದಿದ್ದರು. ಅವಳ ಕಲ್ಲನ್ನು ಕಲ್ಲೆಂದೇ ನಂಬಿ ಕೈ ಇಟ್ಟವನು ಇವನೊಬ್ಬನೇ! ಅವಳಿಗೆ ಅಳು ಬಂತು. ಆದರೆ ಅಳಲು ಅವಳು ತಯಾರಿರಲಿಲ್ಲ.

“ಇದನ್ನ ಅವತ್ತ ಎಲ್ಲಾರ ಮುಂದ ಹೇಳಬೇಕಿತ್ತು.”

“ಬಾಯಿ ಬರಲಿಲ್ಲ.”

“ನಾಳೆ ನಿಮ್ಮತ್ತಿ ನನ್ನ ಬಣ್ಣ ಒಯ್ದು ತಿಪ್ಪಿಗೆ ಹಾಕಿದ್ರೂ ನಿಮಗ ಬಾಯಿ ಬರಂಗಿಲ್ಲ. ಹೌದಿಲ್ಲೋ?”

ಅವನು ಹೌದೆಂಬಂತೆ ತಲೆಯಾಡಿಸಿದ.

“ಹಂಗಾದ್ರ ನಾ ಮನಿ ನೋಡಾಕ ಬರ್ತೀನಿ.”

“ನೀವಾ?” ಅವನು ಬೆಚ್ಚಿದ. ವರನ ಮನೆ ನೋಡಲು ಹೋಗುವುದು ಹುಡುಗಿಯ ಹಿರಿಯರು. ಹುಡುಗಿ ಹೋದದ್ದನ್ನು ಆ ಸೀಮೆಯಲ್ಲಿ ಯಾರೂ ಕೇಳಿರಲಿಲ್ಲ. “ಮಂದಿ ಏನಂತಾರ?”

“ಆ ಮನ್ಯಾಗ ಇರಾಕಿ ನಾನೋ, ಮಂದೀನೋ?”

ಮುಂದಿನ ಭಾನುವಾರ ಅಪ್ಪನ ಜೊತೆ ಆದೆಮ್ಮ ಹಟ್ಟಿಯಲ್ಲಿ ಬಸ್ಸಿಳಿದಳು. ಸಂಬಂಧ ಉಳಿದರೆ ಸಾಕೆಂದು ದ್ಯಾವಪ್ಪ ಮಗಳ ಹಟಕ್ಕೆ ಒಪ್ಪಿದ್ದ. ಕ್ವಾರ್ಟರ್ಸಿನ ಕಿಟಕಿಗಳೆಲ್ಲ ತೆರೆದವು. “ಹುಡುಗಿನ ಬಂದಾಳಬೇ, ನೋಡಬಾ!” ಎಂದು ಒಬ್ಬಳು ಇನ್ನೊಬ್ಬಳನ್ನು ಕರೆದಳು. ಕಸ್ತೂರೆಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತಳು.

ಆದೆಮ್ಮ ಅಡುಗೆಮನೆ ಕೇಳಲಿಲ್ಲ, ನೀರಿನ ನಲ್ಲಿ ಕೇಳಲಿಲ್ಲ.

“ಬೆಳಕು ಎಲ್ಲಿಂದ ಬರತೈತಿ?”

ಒಳಕೋಣೆಯಲ್ಲಿ ಹಗಲಿಗೂ ಬಲ್ಬು ಬೇಕು. ಉತ್ತರಕ್ಕೆ ದೊಡ್ಡ ಕಿಟಕಿ ಇದ್ದದ್ದು ಮುಂದಿನ ಕೋಣೆಗೆ. ಆ ಕಿಟಕಿಗೆ ಅಡ್ಡಲಾಗಿ ಕಸ್ತೂರೆಮ್ಮನ ಮಂಚ.

“ಅದು ನನ್ನ ಜಾಗ!” ಕಸ್ತೂರೆಮ್ಮ ಮಂಚದ ಮೇಲೆ ಗಟ್ಟಿಯಾಗಿ ಕೂತಳು. “ಚಿತ್ರ ಬರಿಯಾಕ ಈ ಮನ್ಯಾಗ ಜಾಗಿಲ್ಲ. ಮಾನ್ಯಾ, ಹೇಳೋ ಆಕಿಗೆ!”

ಎಲ್ಲರೂ ಮಾನಪ್ಪನತ್ತ ತಿರುಗಿದರು. ಬಾಗಿಲಲ್ಲಿ ಅಕ್ಕಪಕ್ಕದವರು ಕಿಕ್ಕಿರಿದಿದ್ದರು.

‘ಮಾತಾಡ್ರೀ... ಒಂದೇ ಒಂದು ಸಲ!’ ಆದೆಮ್ಮ ಉಸಿರು ಹಿಡಿದಳು. ಅವನು ಇವತ್ತೂ ಸುಮ್ಮನಿದ್ದರೆ ಮುಂದಿನ ಬಸ್ಸಿಗೆ ಹೊರಡುವುದೆಂದು ನಿಶ್ಚಯಿಸಿಯೇ ಬಂದಿದ್ದಳು. ಈಗ ಆ ಬಸ್ಸಿನ ನೆನಪಿಗೇ ಎದೆ ಹಿಂಡುತ್ತಿತ್ತು.

“ಅತ್ತಿ,” ಮಾನಪ್ಪ ಹೇಳಿದ. ದನಿ ಮೊದಲು ಒಡೆಯಿತು, ಆಮೇಲೆ ನಿಂತಿತು. “ನೀ ನನ್ನ ಸಾಕಿದಾಕಿ. ನೀ ಈ ಮನ್ಯಾಗ ಇರಾಕಿನ. ಆದ್ರ ಕಿಟಕಿ ಆಕಿದು.”

“ಏನಂದಿ?”

“ಎಂಟ್ ತಾಸು ನೆಲದ ಕೆಳಗ ಕತ್ತಲ್ಯಾಗ ಇದ್ದು ಬರ್ತೀನಿ, ಅತ್ತಿ. ಮನಿಗೆ ಬಂದ್ರ ಒಂದ್ ಹೂವು ನನ್ನ ಕಣ್ಣಿಗೆ ಬೀಳಬ್ಯಾಡೇನು? ಆಕಿ ಬರಿಯೂದು ಬಿಡಂಗಿಲ್ಲ. ಬಿಡಸಾಕ ನಾ ಯಾರಿಗೂ ಬಿಡಂಗಿಲ್ಲ. ಆಕಿ ಒಲ್ಲೆ ಅಂದ್ರ ನನಗ ಬ್ಯಾರೆ ಲಗ್ನನೂ ಬ್ಯಾಡ!”

ಹೇಳಿದವನೇ ಬಗ್ಗಿ ಮಂಚದ ಒಂದು ತುದಿ ಹಿಡಿದ. ಕಸ್ತೂರೆಮ್ಮ ಕದಲಲಿಲ್ಲ. ಅವನೂ ಕೈ ಬಿಡಲಿಲ್ಲ. ಕೊನೆಗೆ ಗೊಣಗುತ್ತ ಎದ್ದವಳು ಅವಳೇ.

“ವಾಸನಿ ಬಂತಂದ್ರ ಕದಾ ತಗದಿಡಬೇಕು ಮತ್ತ. ಈಗ ಹೇಳೀನಿ!”

ಮಂಚ ಸರಿಯಿತು. ಕೋಣೆಯ ತುಂಬ ಬೆಳಕು ಬಿತ್ತು. ಆದೆಮ್ಮ ಸದ್ದಿಲ್ಲದೆ ಅಳುತ್ತಿದ್ದಳು. ಈ ಸಲ ಅದನ್ನು ತಡೆಯುವ ಮನಸ್ಸು ಅವಳಿಗಿರಲಿಲ್ಲ.

“ಮನಿ ಹೆಂಗೈತವ್ವಾ?” ಮೆಲ್ಲಗೆ ಕೇಳಿದ ದ್ಯಾವಪ್ಪ.

“ಮನಿ ಸಣ್ಣದೈತಿ, ಯಪ್ಪಾ.” ಅವಳು ಕಣ್ಣೊರೆಸಿಕೊಂಡಳು. “ಹುಡುಗ ಒಪ್ಪಿಗಿ ಆಗ್ಯಾನ!”

ಬಾಗಿಲಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ನಾಚಿ ಮುಖ ಕೆಂಪಾದದ್ದು ಮಾನಪ್ಪನದು.

ಬಸ್ಸಿನವರೆಗೆ ಕಳಿಸಲು ಬಂದವನು ಮೊದಲ ಸಲ ಬಹುವಚನ ಬಿಟ್ಟ.

“ಆದೆಮ್ಮಾ... ಆ ಕಿಟಕಿಯಿಂದ ನಿನ್ನ ಗುಡ್ಡ ಕಾಣಂಗಿಲ್ಲ. ಬಿಟ್ಟು ಬಂದು ಏನ್ ಬರೀತಿ?”

“ಬಿಟ್ಟು ಬರ್ತೀನಿ ಅಂತ ನಿಮಗ ಯಾರ್ ಹೇಳಿದ್ರು?” ಅವಳು ಮೆಟ್ಟಿಲ ಮೇಲೆ ನಿಂತು ತಿರುಗಿದಳು. “ನಾ ಬಂದ್ರ ಗುಡ್ಡನೂ ಬಂದಂಗ. ನೀವು ಕಿಟಕಿ ಒರಸಿಡ್ರಿ.”

“ಇವತ್ತ ಒರಸ್ತೀನಿ. ನೀ ಯಾವಾಗ ಬರ್ತಿ?”

“ಜಲ್ದಿ!”